ಆಯಿಲ್ ಡಬ್ಬಿಯ ಹಿಂಬದಿ

(ಗೋಣಿಕೊಪ್ಪಲಿನಲ್ಲಿ ಕಾರು ಮಾಲೀಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ಮೇಜಿನ ಮೇಲೆ ಇಂಜಿನ್ ಆಯಿಲಿನ ಎರಡು ಡಬ್ಬಿ ಇಟ್ಟಿದ್ದೇನೆ. ಎರಡರ ಮೇಲೂ ದೊಡ್ಡದಾಗಿ 5ಡಬ್ಲ್ಯು-30 ಅಂತ ಇದೆ. ಎರಡೂ ಸಿಂಥೆಟಿಕ್. ಎರಡೂ ಹೆಸರಾದ ಕಂಪನಿಯವೇ. ಬೆಲೆಯಲ್ಲೂ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ನಿಮ್ಮ ಮನೆಯಲ್ಲಿ ವಾರಂಟಿ ಇರುವ ಜರ್ಮನ್ ಡೀಸೆಲ್ ಕಾರು ಇದೆ ಅಂತ ಇಟ್ಟುಕೊಳ್ಳಿ. ಇವುಗಳಲ್ಲಿ ಒಂದನ್ನು ಹಾಕಿದರೆ ನೆಮ್ಮದಿ. ಇನ್ನೊಂದನ್ನು ಹಾಕಿದರೂ ಕಾರು ಇವತ್ತು ಓಡುತ್ತದೆ, ನಾಳೆಯೂ ಓಡುತ್ತದೆ. ತೊಂದರೆ ಕಾಣುವುದು ನಿಧಾನಕ್ಕೆ. ಕಂಡಾಗ ವಾರಂಟಿ ಕೇಳಲು ಹೋದರೆ ನಿಮ್ಮ ಮಾತಿಗೆ ಬಲ ಇರುವುದಿಲ್ಲ.

ಯಾವುದು ಸರಿ, ಯಾವುದು ತಪ್ಪು ಅಂತ ಮುಂಬದಿ ನೋಡಿ ಹೇಳಲು ನನ್ನಿಂದಲೂ ಆಗದು. ಇಪ್ಪತ್ತಾರು ವರ್ಷ ಇಂಜಿನ್ ಬಿಚ್ಚಿದ ಕೈ ಇದು, ಆದರೂ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಲೇಬೇಕು. ನೀವು ಇಲ್ಲಿಂದ ಹೋಗುವಾಗ ಆ ಸಣ್ಣ ಅಕ್ಷರ ಓದಲು ಕಲಿತು ಹೋದರೆ ಸಾಕು.

ಮೊದಲು ಮುಂಬದಿಯ ನಂಬರ್ ನೋಡೋಣ, ಯಾಕೆಂದರೆ ಎಲ್ಲರೂ ನೋಡುವುದು ಅದನ್ನೇ. ನಮ್ಮ ಕೊಡಗಿನ ಜೇನನ್ನು ನೆನಪಿಸಿಕೊಳ್ಳಿ. ಜನವರಿ ಬೆಳಿಗ್ಗೆ ಬಾಟಲಿ ಬಗ್ಗಿಸಿದರೆ ಇಳಿಯುವುದೇ ಇಲ್ಲ. ಒಲೆ ಪಕ್ಕ ಇಟ್ಟರೆ ನೀರಿನ ಹಾಗೆ ಹರಿಯುತ್ತದೆ. ಆಯಿಲೂ ಹಾಗೇ. 5ಡಬ್ಲ್ಯು ಅನ್ನುವಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲೂ ಇಂಜಿನ್ ತಿರುಗುವಷ್ಟು ತೆಳುವಾಗಿರಬೇಕು ಅಂತ ಅರ್ಥ. 0ಡಬ್ಲ್ಯು ಆದರೆ ಸೊನ್ನೆಗಿಂತ 35 ಕೆಳಗೆ. ಮಡಿಕೇರಿಯಲ್ಲಿ ಚಳಿ ಎಷ್ಟೇ ಕೊರೆದರೂ ಅಂಥ ಚಳಿ ಇಲ್ಲ. ಹಾಗಾಗಿ ನಮ್ಮ ಕಡೆ ಸ್ಟಾರ್ಟ್ ಮಾಡುವ ವಿಷಯಕ್ಕೆ ಈ ಎರಡರ ನಡುವೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೊನೆಯ 30 ಅನ್ನುವುದು ಆಯಿಲ್ 100 ಡಿಗ್ರಿ ಬಿಸಿಯಾದಾಗ ಎಷ್ಟು ದಪ್ಪ ಉಳಿದಿರುತ್ತದೆ ಅನ್ನುವುದರ ಗುರುತು.

ಇಲ್ಲಿ ಒಂದು ಮಾತು ಹೇಳಲೇಬೇಕು. ‘ಇದೆಲ್ಲ ಯುರೋಪಿನ ಚಳಿಗೆ ಮಾಡಿದ ಆಯಿಲ್, ನಮ್ಮ ದೇಶದ ಸೆಕೆಗೆ, ನಮ್ಮ ಘಾಟಿಗೆ ದಪ್ಪ ಆಯಿಲೇ ಬೇಕು’ ಅಂತ ಸುಮಾರು ಗ್ಯಾರೇಜುಗಳಲ್ಲಿ ಹೇಳುತ್ತಾರೆ. ಹೇಳುವವರು ಕೆಟ್ಟವರಲ್ಲ. ಅವರು ಕಲಿತದ್ದು ಹಳೇ ಇಂಜಿನ್ನಿನಲ್ಲಿ. ನನ್ನ ತಂದೆಯ ಜೀಪಿಗೆ ಬರೀ 40 ನಂಬರಿನ ಆಯಿಲ್ ಹಾಕುತ್ತಿದ್ದರು, ಅದೂ ತೋಟದ ಪಂಪ್‌ಸೆಟ್‌ಗೆ ತಂದ ಕ್ಯಾನಿನಿಂದಲೇ. ಇಳಿಸಿದ ಕಪ್ಪು ಆಯಿಲನ್ನು ಗೆದ್ದಲು ಹಿಡಿಯದಿರಲಿ ಅಂತ ಬೇಲಿ ಕಂಬಕ್ಕೆ ಬಳಿಯುತ್ತಿದ್ದರು. ಆ ಜೀಪ್ ಎಲ್ಲವನ್ನೂ ತಡೆದುಕೊಂಡಿತು. ಅದರಲ್ಲಿ ಟರ್ಬೊ ಇರಲಿಲ್ಲ, ಹೊಗೆ ಸೋಸುವ ಫಿಲ್ಟರ್ ಇರಲಿಲ್ಲ. ಇವತ್ತಿನ ಇಂಜಿನ್ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟ್, ಕೂಲಂಟ್, ಆಯಿಲ್ ಕೂಲರ್ ಇರುವುದೇ ಅದಕ್ಕೆ. ಜರ್ಮನಿಯಲ್ಲಿ ಓಡಿದರೂ ಸಂಪಾಜೆ ಘಾಟಿ ಹತ್ತಿದರೂ ಕೂಲಂಟಿನ ಬಿಸಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತದೆ. ಮ್ಯಾನ್ಯುಯಲ್ 30 ಅಂದರೆ 30. ನೀವಾಗಿ 40, 50 ಮಾಡಿದರೆ ಟರ್ಬೊ ಬೇರಿಂಗಿನ ಸಣ್ಣ ಸಂದಿಗೆ, ವಾಲ್ವ್ ಟೈಮಿಂಗ್ ಬದಲಿಸುವ ತೆಳ್ಳನೆ ದಾರಿಗಳಿಗೆ ಆಯಿಲ್ ಹೋಗುವುದು ನಿಧಾನವಾಗುತ್ತದೆ. ಅದಕ್ಕಿಂತ ಮುಖ್ಯ, ವಾರಂಟಿ ಪುಸ್ತಕದಲ್ಲಿ ಬರೆದದ್ದನ್ನು ನೀವು ಮೀರಿದ ಹಾಗಾಗುತ್ತದೆ.

ಸರಿ, ನಂಬರ್ ಒಂದೇ ಆದಮೇಲೆ ಈ ಎರಡು ಡಬ್ಬಿಯಲ್ಲಿ ಬೇರೆ ಏನಿದೆ? ಎರಡು ವಿಷಯ ಇದೆ.

ಒಂದು, ಒತ್ತಡದಲ್ಲಿ ಆಯಿಲ್ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು. ತಿರುಗುವ ಕ್ರ್ಯಾಂಕಿಗೂ ಅದರ ಬೇರಿಂಗಿಗೂ ನಡುವೆ ಇರುವುದು ಕೂದಲಿಗಿಂತ ತೆಳುವಾದ ಆಯಿಲ್ ಪೊರೆ. ಅದನ್ನು 150 ಡಿಗ್ರಿಯಲ್ಲಿ, ಭಾರೀ ವೇಗದಲ್ಲಿ ಹಿಸುಕಿ ಅಳೆಯುತ್ತಾರೆ. ಎಚ್‌ಟಿಎಚ್‌ಎಸ್ ಅಂತ ಅದರ ಹೆಸರು. 5ಡಬ್ಲ್ಯು-30 ಅಂತ ಬರೆಸಿಕೊಳ್ಳಲು ಆ ಅಳತೆ 2.9 ಇದ್ದರೆ ಸಾಕು. ಆದರೆ ಯುರೋಪಿನ ಕಾರು ತಯಾರಕರ ಸಂಘ ಸಿ3 ಅಂತ ಕರೆಯುವ ದರ್ಜೆಗೆ ಕನಿಷ್ಠ 3.5 ಬೇಕು. ಎರಡರ ಮುಂಬದಿಯಲ್ಲೂ ಅದೇ 5ಡಬ್ಲ್ಯು-30 ಇರುತ್ತದೆ. ಗೊತ್ತಾಯ್ತಲ್ವಾ? ಹಾಗಂತ ಜಾಸ್ತಿ ಇದ್ದರೆ ಯಾವಾಗಲೂ ಒಳ್ಳೆಯದು ಅಂತಲ್ಲ. ಈಗ ಬರುವ ಕೆಲವು ಹೊಸ ಇಂಜಿನ್‌ಗಳನ್ನು 0ಡಬ್ಲ್ಯು-20ಕ್ಕೆಂದೇ ಮಾಡಿರುತ್ತಾರೆ. ಅದಕ್ಕೆ ಅದೇ ಹಾಕಬೇಕು. ಅದೇ ತೆಳು ಆಯಿಲನ್ನು 3.5 ಕೇಳುವ ಇಂಜಿನ್ನಿಗೆ ಹಾಕುವುದು ತಪ್ಪು.

ಎರಡನೆಯದು ಬೂದಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚು ಕಾರುಗಳು ಸಿಕ್ಕಿಬೀಳುವುದು ಇಲ್ಲೇ.

ನಿಮ್ಮ ಬಚ್ಚಲಿನ ಹಂಡೆ ಒಲೆ ನೋಡಿ. ಸೌದೆ ಸರಿಯಾಗಿ ಉರಿಯದಿದ್ದರೆ ಮಸಿ ಕಟ್ಟುತ್ತದೆ. ಬೆಂಕಿ ಜೋರು ಮಾಡಿದರೆ ಆ ಮಸಿಯೂ ಉರಿದು ಹೋಗುತ್ತದೆ. ಆದರೆ ಬೂದಿ? ಎಷ್ಟೇ ಬೆಂಕಿ ಹಾಕಿದರೂ ಬೂದಿ ಉರಿಯುವುದಿಲ್ಲ. ಕೈಯಿಂದಲೇ ತೆಗೆಯಬೇಕು. ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅಂತ ಫಿಲ್ಟರ್ ಇರುತ್ತದೆ. ಅದು ಮಸಿ ಹಿಡಿಯುತ್ತದೆ, ಆಗಾಗ ತನ್ನನ್ನು ತಾನೇ 600 ಡಿಗ್ರಿ ಹತ್ತಿರ ಬಿಸಿ ಮಾಡಿಕೊಂಡು ಆ ಮಸಿಯನ್ನು ಸುಡುತ್ತದೆ. ಇಂಜಿನ್ ಓಡುವಾಗ ಸ್ವಲ್ಪ ಆಯಿಲ್ ಯಾವಾಗಲೂ ಉರಿಯುತ್ತದೆ. ಆಯಿಲಿನಲ್ಲಿ ಬೆರೆಸಿದ ಕ್ಯಾಲ್ಸಿಯಂ, ಸತು, ರಂಜಕದಂಥವು ಉರಿದ ಮೇಲೆ ಬೂದಿಯಾಗಿ ಅದೇ ಫಿಲ್ಟರಿನಲ್ಲಿ ಕೂರುತ್ತವೆ. ಅವನ್ನು ಯಾವ ಬಿಸಿಯೂ ತೆಗೆಯದು. ಫಿಲ್ಟರಿನ ಆಯಸ್ಸು ಅಷ್ಟಷ್ಟೇ ಕಡಿಮೆಯಾಗುತ್ತಾ ಹೋಗುತ್ತದೆ.

ಅದಕ್ಕೇ ಕಡಿಮೆ ಬೂದಿಯ ಆಯಿಲ್ ಬಂದದ್ದು. ಸಿ3 ದರ್ಜೆಯಲ್ಲಿ ಬೂದಿ ನೂರಕ್ಕೆ 0.8 ಮೀರಬಾರದು. ಎ3/ಬಿ4 ಅನ್ನುವ ಹಳೆಯ ದರ್ಜೆಯಲ್ಲಿ ಅದರ ಎರಡರಷ್ಟರ ತನಕವೂ ಇರಬಹುದು. ಎ3/ಬಿ4 ಕೆಟ್ಟ ಆಯಿಲ್ ಅಲ್ಲ. ಫಿಲ್ಟರ್ ಇಲ್ಲದ ಹಳೇ ಕಾರುಗಳಿಗೆ ತುಂಬ ಒಳ್ಳೆಯದು. ಆದರೆ ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂತು. ಡೀಸೆಲ್, ಪೆಟ್ರೋಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಈಗ ಕಾರ್ಖಾನೆ ವಾರಂಟಿಯಲ್ಲಿ ಇರುವ ನಿಮ್ಮ ಕಾರು ಬಿಎಸ್6ದೇ. ಡೀಸೆಲ್ ಆಗಿದ್ದರೆ ಅದರಲ್ಲಿ ಆ ಫಿಲ್ಟರ್ ಇದೆ. ಕೆಲವು ಪೆಟ್ರೋಲ್ ಕಾರುಗಳಿಗೂ ಅಂಥದ್ದೇ ಫಿಲ್ಟರ್ ಬಂದಿದೆ.

ಒಂದು ಘಟನೆ ಹೇಳುತ್ತೇನೆ. ಸಿದ್ದಾಪುರ ಕಡೆಯ ಒಬ್ಬ ಬೆಳೆಗಾರರು. ದೊಡ್ಡ ಡೀಸೆಲ್ ಗಾಡಿ, ಎರಡು ವರ್ಷ ತುಂಬಿರಲಿಲ್ಲ. ರೊಬಸ್ಟಾ ಕೊಯ್ಲಿನ ಸಮಯ, ಯಾರಿಗೂ ಮೈಸೂರಿಗೆ ಹೋಗಲು ಪುರುಸೊತ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕಡಿಮೆ ಅಂತ ಬಂತು. ಡ್ರೈವರ್ ಒಳ್ಳೆಯ ಹುಡುಗ, ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುವವನು. ಗೋಡೌನಿನಲ್ಲಿ ಟ್ರ್ಯಾಕ್ಟರಿಗೆ ತಂದಿಟ್ಟ 15ಡಬ್ಲ್ಯು-40 ಇತ್ತು. ಒಂದು ಲೀಟರ್ ಹಾಕಿದ. ಆಮೇಲೆ ಇನ್ನೊಂದು ಸಲ, ಮತ್ತೊಂದು ಸಲ. ಕೊನೆಗೆ ಡಿಪಿಎಫ್ ಲೈಟ್ ಬಂತು, ಗಾಡಿ ಏರು ಹತ್ತದಾಯಿತು. ಸರ್ವಿಸ್ ಸೆಂಟರಿನವರು ಕೇಳಿದ್ದು ಒಂದೇ ಪ್ರಶ್ನೆ: ನಡುವೆ ಆಯಿಲ್ ಹಾಕಿದ್ದೀರಾ, ಯಾವುದು, ಬಿಲ್ ಎಲ್ಲಿ? ಬಿಲ್ ಇರಲಿಲ್ಲ. ವಾರಂಟಿ ಸಿಗಲಿಲ್ಲ. ಫಿಲ್ಟರಿನ ಖರ್ಚು ಲಕ್ಷ ದಾಟಿತು.

ಆ ಹುಡುಗ ನನ್ನ ಗ್ಯಾರೇಜಿಗೆ ಬಂದು ಕೇಳಿದ, ‘ಡೀಸೆಲ್ ಗಾಡಿಗೆ ಡೀಸೆಲ್ ಆಯಿಲೇ ಹಾಕಿದೆ ಅಲ್ವಾ ಅಣ್ಣ, ಏನು ತಪ್ಪಾಯ್ತು?’ ಅವನ ಕಣ್ಣಲ್ಲಿ ನೀರಿತ್ತು. ಆ ಮೂರು ಲೀಟರಿನಿಂದಲೇ ಫಿಲ್ಟರ್ ಕಟ್ಟಿತು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಗಾಡಿ ದಿನವೂ ತೋಟದಿಂದ ಪೇಟೆಗೆ ಐದಾರು ಕಿಲೋಮೀಟರ್ ಮಾತ್ರ ಓಡುತ್ತಿತ್ತು, ಅದೂ ಕಾರಣ ಇರಬಹುದು. ಆದರೆ ಅದನ್ನು ವಾದಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಡಿಕ್ಕಿಯಲ್ಲಿ ಸರಿಯಾದ ಆಯಿಲ್ ಒಂದು ಲೀಟರ್ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಈಗ ಡಬ್ಬಿ ತಿರುಗಿಸೋಣ. ಮುಂದೆ ಕೂತವರು ಕೈಗೆ ತೆಗೆದುಕೊಳ್ಳಿ, ಓದಿ ಹಿಂದಕ್ಕೆ ದಾಟಿಸಿ. ಹಿಂಬದಿಯಲ್ಲಿ ನಂಬರ್‌ಗಳ ಸಾಲು ಇದೆ. ‘ಎಂಬಿ 229.52’ ಅಂದರೆ ಮರ್ಸಿಡಿಸ್‌ನವರದು. ‘ಬಿಎಂಡಬ್ಲ್ಯು ಲಾಂಗ್‌ಲೈಫ್-04’, ಅದಾದ ಮೇಲಿನ ತೆಳು ಆಯಿಲಿಗೆ ‘ಲಾಂಗ್‌ಲೈಫ್-17 ಎಫ್‌ಇ ಪ್ಲಸ್’. ‘ವಿಡಬ್ಲ್ಯು 504 00 / 507 00’ ಅಂದರೆ ಫೋಕ್ಸ್‌ವ್ಯಾಗನ್ ಗುಂಪಿನದು, ಔಡಿಯೂ ಅದರಲ್ಲೇ ಬಂತು. ಅವರದೇ ‘508 00 / 509 00’ ಅನ್ನುವುದು 0ಡಬ್ಲ್ಯು-20. ಅದಕ್ಕೆ ಹಸಿರು ಬಣ್ಣ ಬೆರೆಸಿರುತ್ತಾರೆ, ಬೇರೆ ಆಯಿಲಿನ ಜೊತೆ ಗೊಂದಲ ಆಗದಿರಲಿ ಅಂತ. ಪೋರ್ಷೆಯದು ‘ಸಿ30’, ‘ಎ40’ ಹೀಗೆ. ಲ್ಯಾಂಡ್ ರೋವರ್, ಜಾಗ್ವಾರ್‌ಗೆ ‘ಎಸ್‌ಟಿಜೆಎಲ್‌ಆರ್’ ಅಂತ ಶುರುವಾಗುವ ನಂಬರ್. ಇವನ್ನೆಲ್ಲ ಬಾಯಿಪಾಠ ಮಾಡಬೇಡಿ. ನಿಮ್ಮ ಕಾರಿನದು ಒಂದೋ ಎರಡೋ ಇರುತ್ತದೆ, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಪಕ್ಕದ ಮನೆಯವರ ಕಾರು ಅದೇ ಮಾಡೆಲ್ ಅಂತ ಅವರ ಆಯಿಲ್ ತರಬೇಡಿ. ಒಂದೇ ಮಾಡೆಲಿನಲ್ಲಿ ಪೆಟ್ರೋಲಿಗೆ ಒಂದು, ಡೀಸೆಲಿಗೆ ಒಂದು, ಎರಡು ವರ್ಷ ಹಿಂದಿನದಕ್ಕೆ ಇನ್ನೊಂದು ಇರಬಹುದು.

ನಂಬರ್ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ. ನಂಬರಿನ ಹಿಂದೆ ಮುಂದೆ ಯಾವ ಪದ ಇದೆ ನೋಡಿ. ಈ ಎಡಗೈಯ ಡಬ್ಬಿಯಲ್ಲಿ ‘ಅಪ್ರೂವಲ್’ ಅಂತ ಇದೆ. ಅಂದರೆ ಕಾರು ಕಂಪನಿಯೇ ಈ ಆಯಿಲನ್ನು ಪರೀಕ್ಷೆಗೆ ಒಳಪಡಿಸಿ, ಒಪ್ಪಿ, ತನ್ನ ಪಟ್ಟಿಗೆ ಸೇರಿಸಿದೆ. ಬಲಗೈಯ ಡಬ್ಬಿಯಲ್ಲೂ ಅದೇ ನಂಬರ್ ಇದೆ, ಆದರೆ ಪದ ‘ಸೂಟಬಲ್ ಫಾರ್’. ಇನ್ನು ಕೆಲವುದರಲ್ಲಿ ‘ಮೀಟ್ಸ್ ದಿ ರಿಕ್ವೈರ್‌ಮೆಂಟ್ಸ್’ ಅಂತ ಇರುತ್ತದೆ. ಅದು ಆಯಿಲ್ ಮಾರುವವರು ತಾವೇ ಹೇಳಿಕೊಳ್ಳುವ ಮಾತು. ಆಯಿಲ್ ನಿಜಕ್ಕೂ ಚೆನ್ನಾಗಿರಬಹುದು. ಆದರೆ ವಾರಂಟಿ ಮೇಜಿನ ಎದುರು ಕೂತಾಗ ‘ಹೊಂದುತ್ತದೆ’ ಅನ್ನುವುದು ಬೇರೆ, ‘ಒಪ್ಪಿದ್ದೇವೆ’ ಅನ್ನುವುದು ಬೇರೆ. ವಾರಂಟಿ ಇರುವ ತನಕ ಅಪ್ರೂವಲ್ ಅಂತ ಬರೆದದ್ದೇ ತನ್ನಿ. ಸಂಶಯ ಬಂದರೆ ಮರ್ಸಿಡಿಸ್‌ನವರ ಒಪ್ಪಿದ ಆಯಿಲುಗಳ ಪಟ್ಟಿ ಇಂಟರ್ನೆಟ್‌ನಲ್ಲೇ ಇದೆ, ಡಬ್ಬಿಯ ಪೂರ್ತಿ ಹೆಸರು ಹಾಕಿ ನೋಡಿಕೊಳ್ಳಬಹುದು.

ಬ್ರ್ಯಾಂಡ್ ಯಾವುದು ಅಂತ ಕೇಳುತ್ತೀರಿ. ಅದು ನಿಮ್ಮ ಇಷ್ಟ. ಬಾನೆಟ್ ಒಳಗೆ ಒಂದು ಬ್ರ್ಯಾಂಡಿನ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅದು ಶಿಫಾರಸು. ಮ್ಯಾನ್ಯುಯಲ್ ಸಾಮಾನ್ಯವಾಗಿ ಕೇಳುವುದು ನಂಬರನ್ನು. ಮೇಲಿಂದ ಹಾಕುವ ಆಯಿಲ್ ಟ್ರೀಟ್‌ಮೆಂಟ್, ಫ್ಲಷ್ ಬಾಟಲಿಗಳು ಮಾತ್ರ ಬೇಡವೇ ಬೇಡ. ಹಲವು ಮ್ಯಾನ್ಯುಯಲ್‌ಗಳು ಅವನ್ನು ಹಾಕಬಾರದು ಅಂತಲೇ ಹೇಳುತ್ತವೆ. ಇನ್ನು ನಕಲಿ ಆಯಿಲಿನ ಕಾಟ ಇದ್ದೇ ಇದೆ. ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಿ, ಸೀಲ್ ನೋಡಿ, ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ. ಖಾಲಿ ಡಬ್ಬಿಯನ್ನು ಗುಜರಿಗೆ ಹಾಗೇ ಕೊಡಬೇಡಿ, ಕತ್ತರಿಸಿ ಕೊಡಿ. ಅದೇ ಡಬ್ಬಿ ತುಂಬಿಕೊಂಡು ಮತ್ತೆ ಯಾರದೋ ಕಾರಿಗೆ ಬರುತ್ತದೆ.

ಇನ್ನು ನಮ್ಮ ಊರಿನ ವಿಷಯ. ಆಯಿಲ್ ಕೆಡುವುದು ಬರೀ ಕಿಲೋಮೀಟರಿನಿಂದಲ್ಲ. ಕಳೆದ ಜುಲೈನಲ್ಲಿ ಮಡಿಕೇರಿಯ ಒಬ್ಬ ಟೀಚರ್ ಗಾಬರಿಯಿಂದ ಫೋನ್ ಮಾಡಿದರು. ವಾಷರ್ ನೀರು ಹಾಕಲು ಬಾನೆಟ್ ತೆಗೆದಿದ್ದಾರೆ, ಸುಮ್ನೆ ಆಯಿಲ್ ಕ್ಯಾಪನ್ನೂ ತಿರುಗಿಸಿ ನೋಡಿದ್ದಾರೆ. ಕ್ಯಾಪಿನ ಒಳಗೆ ಬೆಣ್ಣೆಯ ಹಾಗೆ ಬಿಳಿ-ಹಳದಿ ನೊರೆ ಮೆತ್ತಿಕೊಂಡಿದೆ. ‘ಹೆಡ್ ಗ್ಯಾಸ್ಕೆಟ್ ಹೋಯ್ತು, ಇಂಜಿನ್ ಇಳಿಸಬೇಕು’ ಅಂತ ಯಾರೋ ಹೆದರಿಸಿದ್ದರು. ನಾನು ಹೋಗಿ ನೋಡಿದೆ. ಕೂಲಂಟ್ ಒಂದು ಹನಿಯೂ ಇಳಿದಿರಲಿಲ್ಲ. ಕೆಳಗಿನ ಆಯಿಲ್ ಚೆನ್ನಾಗಿತ್ತು. ನೊರೆಯನ್ನು ಬೆರಳಲ್ಲಿ ಉಜ್ಜಿದರೆ ಬರೀ ನೀರು ಮತ್ತು ಆಯಿಲ್. ಅವರ ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್. ಮಳೆ, ಮಂಜು, ಚಳಿ. ಇಂಜಿನ್ ಬಿಸಿಯಾಗುವ ಮೊದಲೇ ಶಾಲೆ ಬರುತ್ತಿತ್ತು. ಒಳಗಿನ ತೇವ ಆವಿಯಾಗಿ ಹೊರಗೆ ಹೋಗುವುದೇ ಇಲ್ಲ, ತಣ್ಣಗಿನ ಕ್ಯಾಪಿಗೆ ಬಂದು ಕೂರುತ್ತದೆ. ಕುಶಾಲನಗರಕ್ಕೆ ಹೋಗಿ ಬನ್ನಿ ಅಂದೆ. ಎರಡು ವಾರ, ಭಾನುವಾರ ಹೋಗಿ ಬಂದರು. ನೊರೆ ಹೋಯಿತು.

ಡೀಸೆಲ್ ಇದ್ದವರಿಗೆ ಇದು ಇನ್ನೂ ಮುಖ್ಯ. ಡಿಪಿಎಫ್ ಮಸಿ ಸುಡುವಾಗ ಇಂಜಿನ್ ಸ್ವಲ್ಪ ಜಾಸ್ತಿ ಡೀಸೆಲ್ ಚಿಮ್ಮಿಸುತ್ತದೆ. ಅರ್ಧದಲ್ಲೇ ನೀವು ಗಾಡಿ ಆಫ್ ಮಾಡಿದರೆ, ಅದು ದಿನವೂ ಹೀಗೇ ಆದರೆ, ಆ ಡೀಸೆಲ್ ಪಿಸ್ಟನ್ ಪಕ್ಕದಿಂದ ಇಳಿದು ಸಂಪ್, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿ ಸೇರುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತದೆ. ‘ನಮ್ಮ ಗಾಡಿ ಆಯಿಲ್ ತಿನ್ನುವುದೇ ಇಲ್ಲ, ಮ್ಯಾಕ್ಸ್ ಮೇಲೇ ಇದೆ’ ಅಂತ ಖುಷಿಪಡಬೇಡಿ. ಮೂಸಿ ನೋಡಿ, ಡೀಸೆಲ್ ವಾಸನೆ ಇದ್ದರೆ ಆಯಿಲ್ ತೆಳುವಾಗಿದೆ, ಬದಲಾಯಿಸಬೇಕು. ವಾರಕ್ಕೊಮ್ಮೆಯಾದರೂ ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ನಮ್ಮ ತಿರುವು ರಸ್ತೆಯಲ್ಲಿ ಆ ಅವಕಾಶ ಸಿಗುವುದಿಲ್ಲ.

ಹಲವು ಯುರೋಪಿನ ಕಾರುಗಳಿಗೆ ಇಲ್ಲಿ 15,000 ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಅದು. ನಮ್ಮಲ್ಲಿ ವರ್ಷವೇ ಮೊದಲು ಬರುತ್ತದೆ. ಗಿಡ್ಡ ಓಡಾಟ, ಧೂಳು, ನಿಧಾನದ ಘಾಟಿ ಇದ್ದರೆ ಬೇಗ ಬದಲಾಯಿಸಿ ಅಂತ ಮ್ಯಾನ್ಯುಯಲ್ ಹೇಳುವುದುಂಟು. ದಪ್ಪ ಆಯಿಲ್ ಹಾಕುವುದಕ್ಕಿಂತ, ಅದೇ ನಂಬರಿನ ಆಯಿಲನ್ನು ಬೇಗ ಬದಲಾಯಿಸುವುದೇ ನಮ್ಮ ಊರಿಗೆ ಸರಿಯಾದ ದಾರಿ. ಸರ್ವಿಸ್ ದಿನ ಜುಲೈ, ಆಗಸ್ಟಿನಲ್ಲಿ ಬಿದ್ದರೆ ಮೇ ತಿಂಗಳಲ್ಲೇ ಮುಗಿಸಿಬಿಡಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಂಗಳೂರು ರಸ್ತೆ ಮುಚ್ಚಿದ್ದು ಯಾರಿಗೆ ಮರೆತಿದೆ? ರಸ್ತೆ ಇರಲಿಲ್ಲ ಅನ್ನುವುದು ವಾರಂಟಿ ಪುಸ್ತಕದಲ್ಲಿ ಕಾರಣ ಆಗುತ್ತದೆ ಅಂತ ನಂಬಿ ಕೂರಬೇಡಿ.

ಒಬ್ಬರು ಕೇಳಿದರು: ಹೊರಗಿನ ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದರೆ ವಾರಂಟಿ ಪೂರ್ತಿ ಹೋಗುತ್ತದಾ? ಒಳ್ಳೆಯ ಪ್ರಶ್ನೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಆದೇಶ ಮಾಡಿತು. ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಅದರಲ್ಲಿ ಒಂದು ಮಾತು ನಮಗೆ ಬೇಕಾದದ್ದು. ಹೊರಗೆ ರಿಪೇರಿ ಮಾಡಿಸಿದರು ಅನ್ನುವ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾಳಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತ. ಅದರ ಮೇಲೆ ಮೇಲ್ಮನವಿಗಳೂ ಆಗಿವೆ. ಈ ತತ್ವ ನಮ್ಮ ಪರ ಇದೆ, ಆದರೆ ಅದನ್ನೇ ನೆಚ್ಚಿಕೊಂಡು ಹೋರಾಡುವ ಸ್ಥಿತಿಗೆ ಹೋಗಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ವಾರಂಟಿ ಇರುವ ತನಕ ವರ್ಷದ ಸರ್ವಿಸ್ ಕಂಪನಿ ವರ್ಕ್‌ಶಾಪಿನಲ್ಲೇ ಮಾಡಿಸಿ. ನನಗೆ ಬರುವ ಕೆಲಸ ಹೋದರೂ ಇದನ್ನೇ ಹೇಳುತ್ತೇನೆ. ನಡುವೆ ಒಂದು ಹೆಚ್ಚಿನ ಆಯಿಲ್ ಚೇಂಜ್ ಬೇಕಾದರೆ ಇಲ್ಲೇ ಮಾಡಿಸಬಹುದು. ಮೊದಲೇ ಸರ್ವಿಸ್ ಅಡ್ವೈಸರ್‌ಗೆ ವಾಟ್ಸ್ಆ್ಯಪ್ ಮಾಡಿ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ಆಮೇಲೆ ಬಿಲ್. ‘ಆಯಿಲ್ ಚೇಂಜ್’ ಅಂತ ಎರಡೇ ಪದ ಬರೆದ ಚೀಟಿಯಿಂದ ಪ್ರಯೋಜನ ಇಲ್ಲ. ತಾರೀಕು, ಗಾಡಿ ನಂಬರ್, ಮೀಟರಿನ ಕಿಲೋಮೀಟರ್, ಆಯಿಲಿನ ಪೂರ್ತಿ ಹೆಸರು, ಅಪ್ರೂವಲ್ ನಂಬರ್, ಎಷ್ಟು ಲೀಟರ್, ಫಿಲ್ಟರಿನ ಪಾರ್ಟ್ ನಂಬರ್, ಇಷ್ಟೂ ಬರೆಸಿ. ಡಬ್ಬಿಯ ಹಿಂಬದಿ, ಬ್ಯಾಚ್ ನಂಬರ್ ಸೇರಿಸಿ ಒಂದು ಫೋಟೋ ತೆಗೆಯಿರಿ. ಕಂಪನಿ ವರ್ಕ್‌ಶಾಪಿನಲ್ಲೂ ಜಾಬ್ ಕಾರ್ಡಿನಲ್ಲಿ ಯಾವ ಆಯಿಲ್ ಅಂತ ಓದಿಯೇ ಸಹಿ ಹಾಕಿ. ಅಲ್ಲೂ ಮನುಷ್ಯರೇ ಕೆಲಸ ಮಾಡುವುದು.

ಇಳಿಸಿದ ಆಯಿಲನ್ನು ತೋಡಿಗೆ ಚೆಲ್ಲಲು ಬಿಡಬೇಡಿ. ನಮ್ಮ ತೋಡಿನ ನೀರು ಲಕ್ಷ್ಮಣತೀರ್ಥಕ್ಕೋ ಕಾವೇರಿಗೋ ಸೇರುತ್ತದೆ, ಮೈಸೂರು, ಬೆಂಗಳೂರಿನವರು ಕುಡಿಯುತ್ತಾರೆ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಪರವಾನಗಿ ಇರುವವರಿಗೇ ಕೊಡಬೇಕು. ನಿಮ್ಮ ಗ್ಯಾರೇಜಿನವರು ಯಾರಿಗೆ ಕೊಡುತ್ತಾರೆ ಅಂತ ಕೇಳಿ.

ಕೊನೆಯ ಪ್ರಶ್ನೆ, ಸಂಪಾಜೆ ಘಾಟಿಯ ನಡುವೆ ಆಯಿಲ್ ಲೈಟ್ ಬಂದರೆ ಏನು ಮಾಡುವುದು? ಬಣ್ಣ ನೋಡಿ. ಹಳದಿ ಆದರೆ ಮಟ್ಟ ಕಡಿಮೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಡಿಕ್ಕಿಯ ಡಬ್ಬಿಯಿಂದ ಅರ್ಧ ಲೀಟರ್ ಹಾಕಿ ಮತ್ತೆ ನೋಡಿ. ಈಗಿನ ಹಲವು ಕಾರಿನಲ್ಲಿ ಡಿಪ್‌ಸ್ಟಿಕ್ ಇಲ್ಲ, ಸ್ಕ್ರೀನಿನಲ್ಲೇ ಅಳೆಯಬೇಕು, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಡಬ್ಬಿ ಇಲ್ಲದಿದ್ದರೆ, ತುರ್ತಿಗೆ ಬೇರೆ ಯಾವ ದರ್ಜೆಯ ಆಯಿಲ್, ಎಷ್ಟು ಹಾಕಬಹುದು ಅಂತ ಹಲವು ಮ್ಯಾನ್ಯುಯಲ್‌ಗಳಲ್ಲಿ ಬರೆದಿರುತ್ತದೆ. ಆ ಪುಟದ ಫೋಟೋ ಇವತ್ತೇ ಫೋನಿನಲ್ಲಿ ಇಟ್ಟುಕೊಳ್ಳಿ, ಘಾಟಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಕೆಂಪು ಬಣ್ಣದ ಆಯಿಲ್ ಕುಡಿಕೆ ಗುರುತು ಬಂದರೆ ಅದು ಒತ್ತಡ ಹೋಗಿರುವ ಸೂಚನೆ. ಇನ್ನೊಂದು ತಿರುವು ದಾಟೋಣ ಅಂತಲೂ ಯೋಚಿಸಬೇಡಿ. ಗಾಡಿ ಬದಿಗೆ, ಇಂಜಿನ್ ಆಫ್, ಟೋಯಿಂಗ್‌ಗೆ ಫೋನ್.

ಮ್ಯಾನ್ಯುಯಲ್ ತಂದವರು ಈಗ ಹೊರಗೆ ಬನ್ನಿ. ಮಳೆ ನಿಂತಿದೆ. ಒಂದೊಂದೇ ಕಾರಿನ ಬಾನೆಟ್ ತೆಗೆದು, ನಿಮ್ಮ ನಂಬರ್ ಯಾವುದು ಅಂತ ನೋಡಿ ಬರೆದುಕೊಡುತ್ತೇನೆ.